ಕೊಡಗಿನ ಮಳೆಗೆ ಸಾಯದ ಖಾರದ ಮೆಣಸು: ಹಳೆ ಬಕೆಟ್, ಕ್ಯಾನ್, ಡಬ್ಬಗಳಲ್ಲಿ ಬೆಳೆಸುವ ಸಮಗ್ರ ಮಾರ್ಗದರ್ಶಿ

ಜೂನ್ ಮುಗಿಯುವ ಹೊತ್ತಿಗೆ ಕೊಡಗಿನ ಮನೆಮನೆಯಲ್ಲೂ ಒಂದೇ ದೂರು. ಬಕೆಟ್ಟಿನಲ್ಲಿದ್ದ ಮೆಣಸಿನಕಾಯಿ ಗಿಡ ಮೇ ತಿಂಗಳವರೆಗೂ ಚೆನ್ನಾಗಿತ್ತು, ಮಳೆ ಹಿಡಿದ ಮೇಲೆ ಎಲೆ ಹಳದಿಯಾಗಿ ಉದುರಿತು, ಗೊಬ್ಬರ ಹಾಕಿದರೂ ಚೇತರಿಸಿಕೊಳ್ಳಲಿಲ್ಲ ಅಂತ. ಹಾಗೆ ಗೊಬ್ಬರ ಹಾಕಿದ್ದೇ ಅದನ್ನು ಬೇಗ ಮುಗಿಸಿರುತ್ತದೆ. ಆ ಗಿಡಕ್ಕೆ ಹಸಿವಿರಲಿಲ್ಲ. ನೀರು ನಿಂತು ಬೇರಿಗೆ ಗಾಳಿ ಸಿಗದೆ ಕೊಳೆಯುತ್ತಿತ್ತು.

ಕೊಡಗಿನಲ್ಲಿ ಡಬ್ಬದ ಮೆಣಸು ಕೈಕೊಡುವುದು ಹೆಚ್ಚಾಗಿ ನೀರಿನಿಂದ, ಗೊಬ್ಬರದ ಕೊರತೆಯಿಂದಲ್ಲ. ಆದ್ದರಿಂದ ಕೆಲಸದ ಕ್ರಮವನ್ನೇ ಬದಲಿಸಬೇಕು. ಬೀಜ ಸಿಕ್ಕಿತು ಎಂದು ಮೊದಲು ಬಿತ್ತಿ, ಸಸಿ ಎದ್ದ ಮೇಲೆ ಡಬ್ಬ ಹುಡುಕಿ, ತೋಟದಿಂದ ಮಣ್ಣು ತಂದು ತುಂಬಿ, ಮಳೆ ಬಂದ ಮೇಲೆ ಎಲ್ಲಿಡುವುದೆಂದು ಯೋಚಿಸುವುದು ಸಾಮಾನ್ಯ ರೂಢಿ. ಇದು ಪೂರ್ತಿ ತಲೆಕೆಳಗು. ಜಾಗ, ಡಬ್ಬ, ತೂತು, ಮಣ್ಣು, ಕೊನೆಗೆ ಬೀಜ. ಇದೇ ಸರಿಯಾದ ಕ್ರಮ.

ಬೇಕಾದ ಸಾಮಾನು

ಡ್ರಿಲ್ ಯಂತ್ರ ಮತ್ತು 8 ಅಥವಾ 10 ಮಿ.ಮೀ. ಬಿಟ್, ಕತ್ತರಿ, ಮಣ್ಣು ಜರಡಿ, ಒಂದು ಲೀಟರಿನ ಅಳತೆ ಡಬ್ಬ, ಹಳೆ ಇಟ್ಟಿಗೆ, ಬಿದಿರು ಕಡ್ಡಿ, ಹಳೆಯ ನೆರಳು ಬಲೆಯ ಚೂರು, ಕೈಗವಸು. ಗೊಬ್ಬರದ ಅಂಗಡಿಯಿಂದ ಬೇವಿನ ಹಿಂಡಿ, ಡಾಲೊಮೈಟ್ ಸುಣ್ಣ, ಟ್ರೈಕೋಡರ್ಮಾ ಪುಡಿ (ಬೇರು ಕೊಳೆಸುವ ರೋಗಾಣುಗಳನ್ನು ತಡೆಯುವ ಶಿಲೀಂಧ್ರ) ಮತ್ತು ಬೇವಿನ ಎಣ್ಣೆ ತಂದಿಟ್ಟುಕೊಂಡರೆ ವರ್ಷ ಪೂರ್ತಿ ಸಾಕು.

ಹಂತ 1: ಜಾಗ ಮತ್ತು ಕಾಲ ಗೊತ್ತುಮಾಡಿಕೊಳ್ಳಿ

ಮೆಣಸಿಗೆ ದಿನಕ್ಕೆ ಕನಿಷ್ಠ 5ರಿಂದ 6 ಗಂಟೆ ನೇರ ಬಿಸಿಲು ಬೇಕು. ಮಳೆಗಾಲದಲ್ಲಿ ಹನಿ ನೇರವಾಗಿ ಡಬ್ಬಕ್ಕೆ ಬೀಳಬಾರದು. ಮನೆಯ ಪೂರ್ವ ಅಥವಾ ದಕ್ಷಿಣದ ಗೋಡೆಯ ಪಕ್ಕ, ಸೂರು ಎರಡೂವರೆ ಅಡಿಗೂ ಹೆಚ್ಚು ಚಾಚಿದ್ದರೆ, ಇವೆರಡೂ ಒಟ್ಟಿಗೆ ಸಿಗುತ್ತವೆ. ಸಿಲ್ವರ್ ಓಕ್ ಅಥವಾ ಕಾಫಿ ಗಿಡದ ನೆರಳಿನಲ್ಲಿ ಇಟ್ಟರೆ ಗಿಡ ಉದ್ದಕ್ಕೆ ಸೊರಗಿ ಬೆಳೆಯುತ್ತದೆ, ಹೂ ಕಚ್ಚುವುದಿಲ್ಲ.

ಹೆಂಚಿನ ಮನೆಯವರು ಒಂದು ವಿಷಯ ಗಮನಿಸಬೇಕು. ಸೂರಿನಿಂದ ನೀರು ಸುರಿಯುವ ಗೆರೆಯ ಹತ್ತಿರ ಡಬ್ಬ ಇಟ್ಟರೆ ಮಣ್ಣು ಚಿಮ್ಮಿ ಎಲೆಯ ಅಡಿಗೆ ಮೆತ್ತುತ್ತದೆ. ಮಣ್ಣಿನಲ್ಲಿರುವ ರೋಗಾಣು ಗಿಡಕ್ಕೆ ಏರುವ ದಾರಿ ಅದೇ. ಡಬ್ಬ ಆ ಗೆರೆಯಿಂದ ಒಂದೂವರೆ ಅಡಿ ಒಳಗಿರಲಿ, ನೆಲದಿಂದ ಅರ್ಧ ಅಡಿಯಾದರೂ ಮೇಲಿರಲಿ. ಸೂರು ಸಾಲದಿದ್ದರೆ ಬಿದಿರಿನ ಚೌಕಟ್ಟಿಗೆ 200 ಮೈಕ್ರಾನ್ ಪಾಲಿಥೀನ್ ಹಾಳೆಯನ್ನು ಇಳಿಜಾರಾಗಿ ಕಟ್ಟಿ. ನಾಲ್ಕೂ ಬದಿ ತೆರೆದೇ ಇರಲಿ. ಸುತ್ತ ಮುಚ್ಚಿದರೆ ಒಳಗೆ ತೇವ ನಿಂತು ಕೊಳೆರೋಗ ಬೇಗ ಬರುತ್ತದೆ.

ಬಿತ್ತನೆಗೆ ಎರಡು ಕಾಲ ಹೊಂದುತ್ತವೆ. ಜನವರಿ ಕೊನೆಯಿಂದ ಫೆಬ್ರುವರಿಯೊಳಗೆ ಬಿತ್ತಿದರೆ ಮಾರ್ಚ್ ಕೊನೆಗೆ ದೊಡ್ಡ ಡಬ್ಬಕ್ಕೆ ಹೋಗಿ, ಜೂನ್ ಮಳೆ ಹಿಡಿಯುವಷ್ಟರಲ್ಲಿ ಗಿಡ ಗಟ್ಟಿಯಾಗಿರುತ್ತದೆ. ಕಕ್ಕಡ ಕಳೆದು ಆಗಸ್ಟ್ ನಡುವಿನಲ್ಲಿ ಸೂರಿನಡಿ ಬಿತ್ತಿದರೆ ಸೆಪ್ಟೆಂಬರ್ ಕೊನೆಗೆ ನೆಟ್ಟು, ಹುತ್ತರಿ ಹಬ್ಬದ (ನವೆಂಬರ್ ಕೊನೆ, ಡಿಸೆಂಬರ್) ಆಸುಪಾಸಿನಿಂದ ಕಾಯಿ ಕೊಯ್ಯಬಹುದು. ವರ್ಷಕ್ಕೆ 3000 ಮಿ.ಮೀ. ದಾಟುವ ಮಡಿಕೇರಿ, ಅದಕ್ಕೂ ಹೆಚ್ಚು ಸುರಿಯುವ ಭಾಗಮಂಡಲದ ಕಡೆಯವರಿಗೆ ಮಾಮೂಲಿ ಹಸಿಮೆಣಸಿಗೆ ಎರಡನೆಯ ಕಾಲವೇ ಕ್ಷೇಮ. ಮಳೆ ಕಡಿಮೆಯಿರುವ ಕುಶಾಲನಗರದ ಕಡೆ ಎರಡೂ ನಡೆಯುತ್ತದೆ. ಗಾಂಧಾರಿ ಮೆಣಸನ್ನು ಮಾತ್ರ ಎಲ್ಲಿದ್ದರೂ ಫೆಬ್ರುವರಿಯಲ್ಲೇ ಬಿತ್ತಿ, ಅದು ಬೆಳೆಯಲು ನಿಧಾನ.

ಹಂತ 2: ಡಬ್ಬಕ್ಕೆ ತಕ್ಕ ತಳಿ

ಗಾಂಧಾರಿ (ಜೀರಿಗೆ ಮೆಣಸು, ಸೂಜಿ ಮೆಣಸು, ಪರಂಗಿ ಮೆಣಸು ಎಲ್ಲವೂ ಇದೇ) ಕೊಡಗಿನ ತೇವಕ್ಕೆ ಒಗ್ಗಿದ ಗಿಡ. ಚೆನ್ನಾಗಿ ನೋಡಿಕೊಂಡರೆ ಎರಡು ಮೂರು ವರ್ಷ ಕಾಯಿ ಕೊಡುತ್ತದೆ. ಇದಕ್ಕೆ 10ರಿಂದ 15 ಲೀಟರಿನ ಪಾತ್ರೆ ಬೇಕು. ಪೂಸಾ ಜ್ವಾಲಾದಂಥ ಗಿಡ್ಡ ತಳಿಗೆ 8 ಲೀಟರ್ ಸಾಕು, ಬಿಗಿ ಹಿಡಿದರೆ 5 ಲೀಟರಿನಲ್ಲೂ ಆಗುತ್ತದೆ. ಭೂತ್ ಜೊಲೊಕಿಯಾ ಜಾತಿಯ ಅತಿ ಖಾರದವು ಬೀಜದಿಂದ ಹಣ್ಣಿಗೆ ಬರಲು ಐದಾರು ತಿಂಗಳು ತೆಗೆದುಕೊಳ್ಳುತ್ತವೆ, 15ರಿಂದ 20 ಲೀಟರ್ ಇಲ್ಲದೆ ಅವನ್ನು ಕೈಗೆತ್ತಿಕೊಳ್ಳಬೇಡಿ.

ಎರಡು ಲೀಟರಿನ ತಂಪುಪಾನೀಯದ ಬಾಟಲಿಯಲ್ಲಿ ಮೆಣಸು ಬೆಳೆಸುವ ಚಿತ್ರಗಳು ಎಲ್ಲೆಡೆ ಓಡಾಡುತ್ತಿವೆ. ಗಿಡ ಬದುಕುತ್ತದೆ ನಿಜ, ಆದರೆ ಮಾರ್ಚ್ ಬಿಸಿಲಿಗೆ ಮಧ್ಯಾಹ್ನದೊಳಗೆ ಒಣಗಿ ಬಾಡುತ್ತದೆ, ಕಾಯಿ ಬೆರಳೆಣಿಕೆಯಷ್ಟು. ಬಾಟಲಿಯನ್ನು ಸಸಿ ಬೆಳೆಸಲು ಬಳಸಿ, ಕೊನೆಯ ಮನೆಯಾಗಿ ಅಲ್ಲ.

ಹಂತ 3: ಯಾವ ಡಬ್ಬ ಬೇಕು, ಯಾವುದು ಬೇಡವೇ ಬೇಡ

ಮೊದಲು ಬೇಡದ್ದು. ಕಾಫಿ ತೋಟವಿರುವ ಮನೆಯಲ್ಲಿ ಕೀಟನಾಶಕ, ಕಳೆನಾಶಕದ ಖಾಲಿ ಕ್ಯಾನ್‌ಗಳು ಬೇಕಾದಷ್ಟು ಬಿದ್ದಿರುತ್ತವೆ. ಗಟ್ಟಿ ಪ್ಲಾಸ್ಟಿಕ್, ಒಳ್ಳೆಯ ಅಳತೆ, ಪುಕ್ಕಟೆ. ಎಷ್ಟು ತೊಳೆದರೂ ಅವನ್ನು ತಿನ್ನುವ ಗಿಡಕ್ಕೆ ಬಳಸಲೇಬಾರದು. ವಿಷದ ಅಂಶ ಪ್ಲಾಸ್ಟಿಕ್ಕಿನ ಒಳಮೈಗೆ ಹಿಡಿದಿರುತ್ತದೆ. ಕಳೆನಾಶಕವಾದರೆ ಗಿಡವೇ ಸುಟ್ಟುಕೊಂಡು ಹೋಗುತ್ತದೆ, ಕೀಟನಾಶಕವಾದರೆ ಗಿಡ ಚೆನ್ನಾಗಿಯೇ ಕಾಣುತ್ತದೆ, ಅಪಾಯ ತಿನ್ನುವವರಿಗೆ. ಅವನ್ನು ಮೂರು ಸಲ ತೊಳೆದು, ಆ ನೀರನ್ನು ಸ್ಪ್ರೇ ಟ್ಯಾಂಕಿಗೇ ಸುರಿದು, ತಳ ತೂತುಮಾಡಿ ಯಾರೂ ಮತ್ತೆ ಬಳಸದಂತೆ ಮಾಡಿ. ಇಂಜಿನ್ ಆಯಿಲ್ ಡಬ್ಬ, ಬ್ಯಾಟರಿ ಪೆಟ್ಟಿಗೆ, ಥಿನ್ನರ್ ಬೆರೆಸುವ ಬಣ್ಣದ ಡಬ್ಬ ಇವೂ ಬೇಡ.

ಗೋಡೆಗೆ ಹೊಡೆಯುವ ಎಮಲ್ಷನ್ ಬಣ್ಣದ 10 ಮತ್ತು 20 ಲೀಟರ್ ಬಕೆಟ್ ಎಲ್ಲಕ್ಕಿಂತ ಅನುಕೂಲ. ಒಳಗೆ ಒಣಗಿದ ಬಣ್ಣವನ್ನು ಒಂದು ಚೂರೂ ಉಳಿಯದಂತೆ ಸುಲಿದು ತೆಗೆಯಿರಿ, ಸೋಪಿನ ನೀರಿನಲ್ಲಿ ತೊಳೆದು ಎರಡು ದಿನ ಬಿಸಿಲಿಗಿಡಿ. ಅಡುಗೆ ಎಣ್ಣೆಯ 5 ಲೀಟರ್ ಕ್ಯಾನ್ ಮೇಲ್ಭಾಗ ಕತ್ತರಿಸಿದರೆ ಜ್ವಾಲಾಕ್ಕೆ ಸರಿ. ಬಿಸಿನೀರು ಮತ್ತು ಪಾತ್ರೆ ಸೋಪಿನಿಂದ ಎಣ್ಣೆಯ ಜಿಡ್ಡು ಪೂರ್ತಿ ಹೋಗಬೇಕು. ಪಾರದರ್ಶಕ ಕ್ಯಾನಾದರೆ ಹೊರಗೆ ಗೋಣಿ ಸುತ್ತಿ ಅಥವಾ ಸುಣ್ಣ ಬಳಿಯಿರಿ. ಬೆಳಕು ಬಿದ್ದರೆ ಒಳಗೆ ಪಾಚಿ ಕಟ್ಟುತ್ತದೆ, ಬೇರು ಅಂಚಿನಿಂದ ಹಿಂದೆ ಸರಿಯುತ್ತದೆ.

ಎಣ್ಣೆಯ ಚೌಕ ತಗಡಿನ ಡಬ್ಬ ಬಿಸಿಲಿಗೆ ಕಾದು ಬೇರು ಸುಡುತ್ತದೆ, ಮಳೆಗೆ ತುಕ್ಕು ಹಿಡಿದು ಎರಡನೇ ವರ್ಷ ತಳ ಕಳಚುತ್ತದೆ. ಅದನ್ನು ಬಳಸುವುದಾದರೆ ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ ಇಡಿ. ಮೀನು ಮಾರುಕಟ್ಟೆಯ ಥರ್ಮೊಕೋಲ್ ಪೆಟ್ಟಿಗೆ ಡಿಸೆಂಬರಿನ ಚಳಿಗೂ ಏಪ್ರಿಲಿನ ಬಿಸಿಲಿಗೂ ಬೇರನ್ನು ಕಾಪಾಡುತ್ತದೆ. ಉಪ್ಪು ಹೋಗುವಂತೆ ಮೂರು ನಾಲ್ಕು ಸಲ ತೊಳೆಯಬೇಕು. ಗೊಬ್ಬರದ ಮತ್ತು ಅಕ್ಕಿಯ ನೇಯ್ದ ಪ್ಲಾಸ್ಟಿಕ್ ಚೀಲ ಬಿಸಿಲಿಗೆ ಎಳೆ ಎಳೆಯಾಗಿ ಬಿಚ್ಚಿ ಮಣ್ಣಿಗೆ ಸೇರುತ್ತದೆ. ಗಾಂಧಾರಿಯಂಥ ಬಹುವರ್ಷದ ಗಿಡಕ್ಕೆ ಅದು ಬೇಡ.

ಹಂತ 4: ತೂತು

ಬಹಳ ಜನ ಎಡವುವುದು ಇಲ್ಲೇ. ಮೊಳೆಯಿಂದ ಎರಡು ಮೂರು ತೂತು ಹಾಕಿ ಸಾಕೆಂದುಕೊಳ್ಳುತ್ತಾರೆ. ಮೊಳೆಯ ತೂತು ಒಂದು ತಿಂಗಳಲ್ಲಿ ಬೇರು ಮತ್ತು ಮಣ್ಣಿನಿಂದ ಮುಚ್ಚಿಹೋಗುತ್ತದೆ.

10 ಲೀಟರ್ ಬಕೆಟ್ಟಿಗೆ ತಳದಲ್ಲಿ 8 ಮಿ.ಮೀ. ಅಗಲದ 8ರಿಂದ 10 ತೂತು ಹಾಕಿ. ಅದರ ಜೊತೆಗೆ ಪಕ್ಕದ ಗೋಡೆಯಲ್ಲಿ, ತಳದಿಂದ ಒಂದೆರಡು ಸೆಂ.ಮೀ. ಮೇಲೆ, ನಾಲ್ಕು ಕಡೆ ನಾಲ್ಕು ತೂತು. ತಳ ನೆಲಕ್ಕೆ ಅಂಟಿ ಕೂತರೂ ಪಕ್ಕದ ತೂತು ನೀರು ಬಿಡುತ್ತದೆ. 5 ಲೀಟರ್ ಕ್ಯಾನಿಗೆ ತಳದಲ್ಲಿ 6, ಪಕ್ಕದಲ್ಲಿ 4. ಡ್ರಿಲ್ ಇಲ್ಲದವರು ಕಾಯಿಸಿದ ಕಬ್ಬಿಣದ ಸರಳನ್ನು ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ ಬಳಸಿ. ಪ್ಲಾಸ್ಟಿಕ್ ಹೊಗೆಯನ್ನು ಅಡುಗೆಮನೆಯೊಳಗೆ ಎಬ್ಬಿಸಬೇಡಿ.

ತಳಕ್ಕೆ ಜಲ್ಲಿ, ಹೆಂಚಿನ ಚೂರು ತುಂಬಿದರೆ ನೀರು ಬೇಗ ಇಳಿಯುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಸಣ್ಣ ಡಬ್ಬದಲ್ಲಿ ಅದು ಕೇಡನ್ನೇ ಮಾಡುತ್ತದೆ. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಜಲ್ಲಿಯ ಮೇಲೆಯೇ ತೇವದ ಪದರ ನಿಲ್ಲುತ್ತದೆ, ಬೇರಿಗಿದ್ದ ಜಾಗವೂ ಅಷ್ಟು ಕಡಿಮೆಯಾಗುತ್ತದೆ. ತೂತಿನ ಮೇಲೆ ನೆರಳು ಬಲೆಯ ಒಂದು ಚೂರು ಅಥವಾ ತೆಳ್ಳಗೆ ತೆಂಗಿನ ನಾರು ಹಾಸಿದರೆ ಸಾಕು. ಡಬ್ಬವನ್ನು ಎರಡು ಇಟ್ಟಿಗೆಯ ಮೇಲೆ, ನಡುವೆ ಗಾಳಿಯಾಡುವಂತೆ ಇಡಿ. ಕೆಳಗೆ ತಟ್ಟೆ ಇಡಲೇಬೇಡಿ.

ಹಂತ 5: ಮಣ್ಣಿನ ಮಿಶ್ರಣ

ಕಾಫಿ ನರ್ಸರಿಯ ಪಾಲಿಬ್ಯಾಗಿಗೆ ಹಾಕುವ 6 ಪಾಲು ಮಣ್ಣು, 2 ಪಾಲು ಕಾಂಪೋಸ್ಟ್, 1 ಪಾಲು ಮರಳಿನ ಮಿಶ್ರಣ ಎಲ್ಲರಿಗೂ ಗೊತ್ತು, ಕೈಗೂ ಸಿಗುತ್ತದೆ. ಕಾಫಿ ಸಸಿಗೆ ಅದು ಸರಿ. ಬಕೆಟ್ಟಿನಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಇಟ್ಟಿಗೆಯಂತೆ ಬಿಗಿಯುತ್ತದೆ, ಮೆಣಸಿನ ಬೇರು ಅದರಲ್ಲಿ ಉಸಿರಾಡದು.

10 ಲೀಟರ್ ಬಕೆಟ್ಟಿಗೆ ಒಂದು ಲೀಟರ್ ಡಬ್ಬದ ಅಳತೆಯಲ್ಲಿ:

ಜರಡಿ ಹಿಡಿದ ಮೇಲ್ಮಣ್ಣು 3 ಡಬ್ಬ
ನೆನೆಸಿ ತೊಳೆದ ತೆಂಗಿನ ನಾರಿನ ಪುಡಿ 3 ಡಬ್ಬ
ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ 2 ಡಬ್ಬ
ದಪ್ಪ ಮರಳು ಅಥವಾ ಸುಟ್ಟ ಭತ್ತದ ಹೊಟ್ಟು 2 ಡಬ್ಬ
ಬೇವಿನ ಹಿಂಡಿ 100 ಗ್ರಾಂ, ಡಾಲೊಮೈಟ್ 25 ಗ್ರಾಂ, ಟ್ರೈಕೋಡರ್ಮಾ 10 ಗ್ರಾಂ

ಕಲೆಸಿದ ಮೇಲೆ ಗಾತ್ರ ಕುಗ್ಗಿ ಒಂಬತ್ತು ಲೀಟರಿನಷ್ಟಾಗುತ್ತದೆ. ಬಕೆಟ್ಟಿನ ಬಾಯಿಂದ ಮೂರು ನಾಲ್ಕು ಸೆಂ.ಮೀ. ಖಾಲಿ ಉಳಿಯುವುದು ನೀರುಣಿಸಲು ಬೇಕೇ ಬೇಕು.

ಡಾಲೊಮೈಟ್ ಏಕೆಂದರೆ ಕೊಡಗಿನ ಮಣ್ಣು ಹುಳಿ. ಮೆಣಸಿಗೆ ಮಣ್ಣಿನ ರಸಸಾರ (pH) 6ರಿಂದ 6.8ರ ನಡುವೆ ಇರಬೇಕು. ಹುಳಿ ಮಣ್ಣಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಗಿಡಕ್ಕೆ ಸಾಲುವುದಿಲ್ಲ. ವೀಳ್ಯದೆಲೆಗೆ ಹಚ್ಚಿಕೊಳ್ಳುವ ಸುಣ್ಣ ತೀರ ಚುರುಕು, ಅದನ್ನು ಬಳಸಬೇಡಿ. ಮೊದಲು ಮಣ್ಣು ಮತ್ತು ಮರಳಿಗೆ ಡಾಲೊಮೈಟ್ ಬೆರೆಸಿ ತೇವ ಮಾಡಿ ಒಂದು ವಾರ ಬಿಡಿ. ಇನ್ನೊಂದು ಕಡೆ ಕೊಟ್ಟಿಗೆ ಗೊಬ್ಬರಕ್ಕೆ ಟ್ರೈಕೋಡರ್ಮಾ ಮತ್ತು ಬೇವಿನ ಹಿಂಡಿ ಕಲೆಸಿ ಒದ್ದೆ ಗೋಣಿ ಮುಚ್ಚಿ ನೆರಳಿನಲ್ಲಿಡಿ. ವಾರದ ನಂತರ ಎಲ್ಲವನ್ನೂ ಒಟ್ಟುಗೂಡಿಸಿ ಇನ್ನೊಂದು ವಾರ ಬಿಟ್ಟು ನೆಡಿ.

ಮಣ್ಣು ಎಲ್ಲಿಂದ ತರುತ್ತೀರಿ ಎಂಬುದು ಅಷ್ಟೇ ಮುಖ್ಯ. ಶುಂಠಿ ಬೆಳೆದ ಜಾಗದ ಮಣ್ಣು ಬೇಡ, ಅಲ್ಲಿ ಸೊರಗು ರೋಗದ ದುಂಡಾಣು ಉಳಿದಿರುವ ಸಾಧ್ಯತೆ ಹೆಚ್ಚು. ಟೊಮೆಟೊ, ಬದನೆ ಬಾಡಿ ಸತ್ತ ಮಡಿಯದ್ದೂ ಬೇಡ. ಕರಿಮೆಣಸಿನ ಬಳ್ಳಿ ಶೀಘ್ರ ಸೊರಗಿನಿಂದ ಸತ್ತ ಮರದ ಬುಡದ ಮಣ್ಣು ನೋಡಲು ಕಪ್ಪಗೆ, ಹುಡಿಹುಡಿಯಾಗಿ ಆಸೆ ಹುಟ್ಟಿಸುತ್ತದೆ. ಆ ರೋಗ ತರುವ ಫೈಟಾಫ್ತೊರಾ ಜಾತಿಯ, ಶಿಲೀಂಧ್ರದಂಥ ರೋಗಾಣುಗಳು ಮೆಣಸಿನಕಾಯಿ ಗಿಡದ ಬುಡವನ್ನೂ ಕೊಳೆಸುತ್ತವೆ. ಅದನ್ನು ಮುಟ್ಟಬೇಡಿ. ಹುಲ್ಲು ಚೆನ್ನಾಗಿ ಬೆಳೆದ, ತರಕಾರಿ ಬೆಳೆಯದ ಜಾಗದ ಮೇಲಿನ ಅರ್ಧ ಅಡಿ ಮಣ್ಣು ಒಳ್ಳೆಯದು.

ಪಲ್ಪಿಂಗ್ ಮಾಡಿ ಬಂದ ಹಸಿ ಕಾಫಿ ಸಿಪ್ಪೆಯನ್ನು ನೇರವಾಗಿ ಬೆರೆಸುವುದು ಇನ್ನೊಂದು ದೊಡ್ಡ ತಪ್ಪು. ಡಬ್ಬದೊಳಗೆ ಅದು ಕೊಳೆಯುವಾಗ ಬಿಸಿಯೇರುತ್ತದೆ, ಹುಳಿಯಾಗುತ್ತದೆ, ಸಸಿಯ ಪಾಲಿನ ಸಾರಜನಕವನ್ನೂ ಎಳೆದುಕೊಳ್ಳುತ್ತದೆ. ಸಗಣಿಯೊಂದಿಗೆ ಗುಡ್ಡೆ ಹಾಕಿ, ಮಗುಚಿ, ಕಪ್ಪಾಗಿ ಮಣ್ಣಿನ ವಾಸನೆ ಬಂದ ಮೇಲೆ ಮಾತ್ರ ಬಳಸಿ.

ನೆಡುವ ಮುಂಚೆ ಒಂದು ಪರೀಕ್ಷೆ ಮಾಡಿ. ತುಂಬಿದ ಬಕೆಟ್ಟನ್ನು ಒಮ್ಮೆ ಪೂರ್ತಿ ನೆನೆಸಿ, ಸೋರುವುದು ನಿಂತ ಮೇಲೆ ಇನ್ನೊಂದು ಲೀಟರ್ ನೀರು ಹುಯ್ಯಿರಿ. ಮೇಲೆ ನಿಂತ ನೀರು ಅರ್ಧ ನಿಮಿಷದಲ್ಲಿ ಕಾಣೆಯಾಗಿ, ಒಂದೆರಡು ನಿಮಿಷದೊಳಗೆ ತಳದಿಂದ ತೊಟ್ಟಿಕ್ಕಬೇಕು. ಮೇಲೆ ಕೆರೆಯಾಗಿ ನಿಂತರೆ ಸುರಿದು ಮತ್ತೆ ಕಲೆಸಿ, ಮರಳು ಅಥವಾ ಹೊಟ್ಟು ಒಂದು ಡಬ್ಬ ಹೆಚ್ಚಿಸಿ. ಈ ಪರೀಕ್ಷೆ ದಾಟದ ಬಕೆಟ್ ಜುಲೈ ದಾಟುವುದಿಲ್ಲ.

ಹಂತ 6: ಬೀಜ ಮತ್ತು ಸಸಿ

ಗಿಡದಲ್ಲೇ ಪೂರ್ತಿ ಕೆಂಪಾದ ಹಣ್ಣಿನ ಬೀಜ ತೆಗೆದು ನೆರಳಿನಲ್ಲಿ ಒಂದು ವಾರ ಒಣಗಿಸಿ. ಕೈಗವಸು ಹಾಕಿಕೊಳ್ಳಿ, ಗಾಂಧಾರಿಯ ಖಾರ ಉಗುರಿನ ಸಂದಿಯಲ್ಲಿ ಮರುದಿನವೂ ಉಳಿಯುತ್ತದೆ. ಹೈಬ್ರಿಡ್ ಗಿಡದ ಬೀಜ ಇಟ್ಟರೆ ತಾಯಿಯಂಥ ಕಾಯಿ ಬರುವ ಭರವಸೆಯಿಲ್ಲ.

ಅರ್ಧ ಲೀಟರಿನ ಹಾಲಿನ ಪ್ಯಾಕೆಟ್ ಸಸಿಗೆ ಹೇಳಿ ಮಾಡಿಸಿದ್ದು. ಬಾಯಿ ಪೂರ್ತಿ ಕತ್ತರಿಸಿ, ಜಿಡ್ಡು ಹೋಗುವಂತೆ ತೊಳೆದು, ಕೆಳಗಿನ ಎರಡೂ ಮೂಲೆ ಕತ್ತರಿಸಿ, ನಡುವೆ ಮೂರು ತೂತು ಹಾಕಿ. ಹಣ್ಣಿನ ಹಳೆ ಕ್ರೇಟಿನಲ್ಲಿ ಒತ್ತೊತ್ತಾಗಿ ನಿಲ್ಲಿಸಿ. ತುಂಬಲು ನಾರಿನ ಪುಡಿ ಮತ್ತು ಎರೆಹುಳು ಗೊಬ್ಬರ ಸಮ ಪಾಲು. ಮೊಟ್ಟೆಯ ಕಾಗದದ ಟ್ರೇ ಬೇಡ. ಅದು ತೇವ ಹೀರಿ ಬೂಸ್ಟು ಹಿಡಿಯುತ್ತದೆ, ಎತ್ತುವಾಗ ಹರಿಯುತ್ತದೆ.

ಬೀಜವನ್ನು ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಪ್ಯಾಕೆಟ್ಟಿಗೆ ಎರಡರಂತೆ ಅರ್ಧ ಸೆಂ.ಮೀ. ಆಳಕ್ಕೆ ಹಾಕಿ. ಮೊಳಕೆಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಜನವರಿಯ ರಾತ್ರಿ ಕೊಡಗಿನಲ್ಲಿ ಅಷ್ಟು ಬಿಸಿ ಇರುವುದಿಲ್ಲ, ಆದ್ದರಿಂದ ಬೀಜ ಕೊಳೆಯುವುದೇ ಹೆಚ್ಚು. ಕ್ರೇಟನ್ನು ಅಡುಗೆಮನೆಯಲ್ಲಿ ಸೌದೆ ಒಲೆಯಿಂದ ಮೂರು ನಾಲ್ಕು ಅಡಿ ದೂರದಲ್ಲಿ ಇಟ್ಟರೆ ಆ ಬಿಸಿ ಸಾಕಾಗುತ್ತದೆ. ಮಾಮೂಲಿ ಮೆಣಸು 7ರಿಂದ 12 ದಿನದಲ್ಲಿ ಮೊಳೆಯುತ್ತದೆ. ಗಾಂಧಾರಿ ಮತ್ತು ಭೂತ್ ಜೊಲೊಕಿಯಾಕ್ಕೆ ಮೂರು ನಾಲ್ಕು ವಾರ ಬೇಕಾಗಬಹುದು. ಹತ್ತು ದಿನಕ್ಕೆ ಬೇಸತ್ತು ಮಣ್ಣು ಕೆದಕಿ ನೋಡುವವರೇ ಹೆಚ್ಚಿನ ಬೀಜ ಹಾಳುಮಾಡುವುದು. ಮೊಳಕೆ ಕಂಡ ದಿನವೇ ಹೊರಗೆ ಬೆಳಕಿಗೆ ತನ್ನಿ. ಒಲೆಯ ಪಕ್ಕ ಇನ್ನೆರಡು ದಿನ ಇದ್ದರೂ ಸಸಿ ದಾರದಂತೆ ಉದ್ದವಾಗುತ್ತದೆ.

ಎದ್ದ ಸಸಿ ಬುಡದಲ್ಲಿ ಕಂದಿ, ಹಿಸುಕಿದಂತಾಗಿ ಮಗ್ಗುಲಾದರೆ ಅದು ಸಸಿ ಕೊಳೆ ರೋಗ. ನೀರು ಹೆಚ್ಚಾಗಿದೆ, ಗಾಳಿ ಸಾಲದು. ಬಿದ್ದ ಸಸಿಯನ್ನು ಪ್ಯಾಕೆಟ್ಟಿನ ಸಮೇತ ತೆಗೆದು, ಉಳಿದವಕ್ಕೆ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಬುಡಕ್ಕೆ ಹಾಕಿ. ಟ್ರೈಕೋಡರ್ಮಾವನ್ನು ಅದೇ ವಾರ ಕೊಡಬೇಡಿ, ತಾಮ್ರ ಅದನ್ನೂ ಕೊಲ್ಲುತ್ತದೆ.

ಹಂತ 7: ದೊಡ್ಡ ಡಬ್ಬಕ್ಕೆ ನೆಡುವುದು

ಸಸಿಗೆ ಮೊಳೆತಾಗಿನ ಎರಡು ಬೀಜದೆಲೆ ಬಿಟ್ಟು 6ರಿಂದ 8 ನಿಜವಾದ ಎಲೆ ಬಂದಿರಬೇಕು, ಮಾಮೂಲಿ ಮೆಣಸಿಗೆ ಇದು ಬಿತ್ತಿ 40 ದಿನದ ಆಸುಪಾಸು. ನೆಡುವ ಮುಂಚಿನ ಒಂದು ವಾರ ದಿನಕ್ಕೆ ಸ್ವಲ್ಪ ಸ್ವಲ್ಪ ಬಿಸಿಲು ಹೆಚ್ಚಿಸಿ ಒಗ್ಗಿಸಿ. ಸಂಜೆ ನೆಡಿ. ಪ್ಯಾಕೆಟ್ಟನ್ನು ಬ್ಲೇಡಿನಿಂದ ಸೀಳಿ ಮಣ್ಣಿನ ಹೆಂಟೆ ಒಡೆಯದಂತೆ ಇಳಿಸಿ, ಕಾಂಡ ಹಿಡಿದು ಎತ್ತಬೇಡಿ. ಮೊದಲಿದ್ದ ಆಳಕ್ಕೇ ನೆಡಬೇಕು. ಒಂದು ಬಕೆಟ್ಟಿಗೆ ಒಂದೇ ಗಿಡ. ಎರಡು ನೆಟ್ಟರೆ ಎರಡು ಪಟ್ಟು ಕಾಯಿ ಬರುವುದಿಲ್ಲ, ಎರಡೂ ಅರ್ಧ ಬೆಳೆಯುತ್ತವೆ.

ಬಿದಿರು ಕಡ್ಡಿಯನ್ನು ಅವತ್ತೇ ನೆಡಿ, ಆಮೇಲೆ ಚುಚ್ಚಿದರೆ ಬೇರು ಹರಿಯುತ್ತದೆ. ಜ್ವಾಲಾದ ಕುಡಿಯನ್ನು 20 ಸೆಂ.ಮೀ. ಎತ್ತರದಲ್ಲಿ ಚಿವುಟಿದರೆ ಕವಲು ಹೆಚ್ಚುತ್ತದೆ. ಗಾಂಧಾರಿಗೆ ಅದು ಬೇಕಿಲ್ಲ, ತಾನೇ ಕವಲೊಡೆಯುತ್ತದೆ. ಮೊದಲ ಕವಲಿನಲ್ಲಿ ಬರುವ ಒಂದೆರಡು ಹೂವನ್ನು ಕಿತ್ತುಹಾಕಿ. ಮನಸ್ಸು ಒಪ್ಪುವುದು ಕಷ್ಟ, ಆದರೆ ಆ ಕಾಯಿ ಬಿಟ್ಟರೆ ಸಣ್ಣ ಡಬ್ಬದ ಗಿಡ ಅಲ್ಲಿಗೇ ಕುಗ್ಗುತ್ತದೆ.

ಹಂತ 8: ನೀರು

ದಿನಕ್ಕೆ ಇಷ್ಟು ಎಂಬ ಲೆಕ್ಕ ನಡೆಯುವುದಿಲ್ಲ. ಬೆರಳನ್ನು ಎರಡು ಗೆಣ್ಣು ಆಳಕ್ಕೆ ಇಳಿಸಿ, ಒಣಗಿದ್ದರೆ ತಳದಿಂದ ಸೋರುವವರೆಗೆ ಹಾಕಿ, ತೇವವಿದ್ದರೆ ಮುಟ್ಟಬೇಡಿ. ರೂಢಿಯಾದ ಮೇಲೆ ಬಕೆಟ್ಟಿನ ಅಂಚು ಹಿಡಿದು ಕೊಂಚ ಎತ್ತಿದರೇ ತೂಕದಿಂದ ತಿಳಿಯುತ್ತದೆ. ಮಾರ್ಚ್, ಏಪ್ರಿಲಿನಲ್ಲಿ 10 ಲೀಟರ್ ಬಕೆಟ್ಟಿಗೆ ಬೆಳಿಗ್ಗೆ ಒಮ್ಮೆ, 5 ಲೀಟರಿನದಕ್ಕೆ ಬೆಳಿಗ್ಗೆ ಮತ್ತು ಸಂಜೆ ಬೇಕಾಗಬಹುದು. ಮೇಲೆ ಒಣ ಎಲೆಯ ಹೊದಿಕೆ ಹಾಕಿ, ಕಾಂಡಕ್ಕೆ ತಾಗದಂತೆ ಎರಡು ಬೆರಳು ಬಿಡಿ.

ಈ ವ್ಯತ್ಯಾಸ ಗೊತ್ತಿರಬೇಕು: ಮಧ್ಯಾಹ್ನ ಬಾಡಿ ಸಂಜೆಗೆ ಎದ್ದರೆ ಬಿಸಿಲಿನ ದಣಿವು, ಚಿಂತೆಯಿಲ್ಲ. ಬೆಳಿಗ್ಗೆಯೇ ಬಾಡಿದ್ದು ಮಣ್ಣು ಒಣಗಿದ್ದರೆ ನೀರು ಬೇಕು. ಬೆಳಿಗ್ಗೆಯೇ ಬಾಡಿದ್ದು ಮಣ್ಣು ಒದ್ದೆಯಿದ್ದರೆ ಬೇರು ಕೊಳೆಯುತ್ತಿದೆ, ಆಗ ನೀರು ಹಾಕಿದರೆ ಗಿಡ ಹೋದಂತೆಯೇ.

ಒಂದು ದಿನ ಪೂರ್ತಿ ಒಣಗಿಸಿ ಮರುದಿನ ಮುಳುಗಿಸುವ ಅಭ್ಯಾಸದಿಂದ ಕಾಯಿಯ ತುದಿ ಕಂದು ಬಣ್ಣಕ್ಕೆ ತಿರುಗಿ ಕೊಳೆಯುತ್ತದೆ. ಹುಳ ಕೊರೆದದ್ದಲ್ಲ ಅದು. ನೀರು ಏರುಪೇರಾದಾಗ ಕ್ಯಾಲ್ಸಿಯಂ ಕಾಯಿಯ ತುದಿ ಮುಟ್ಟುವುದಿಲ್ಲ.

ಹಂತ 9: ಗೊಬ್ಬರ

ಸಣ್ಣ ಡಬ್ಬದಲ್ಲಿ ಪ್ರತಿ ಸಲ ನೀರು ಸೋರುವಾಗ ಸತ್ವವೂ ಸೋರುತ್ತದೆ. ಕಡಿಮೆ ಪ್ರಮಾಣ, ಹೆಚ್ಚು ಸಲ ಎಂಬುದೇ ನಿಯಮ. ನೆಟ್ಟ ಮೂರು ವಾರದ ನಂತರ 15 ದಿನಕ್ಕೊಮ್ಮೆ 10 ಲೀಟರ್ ಬಕೆಟ್ಟಿಗೆ ಎರಡು ಹಿಡಿ ಎರೆಹುಳು ಗೊಬ್ಬರ. ಅಥವಾ 100 ಗ್ರಾಂ ಕಡಲೆಕಾಯಿ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ನಾಲ್ಕು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ ಗಿಡಕ್ಕೆ ಅರ್ಧ ಲೀಟರ್. ರಾಸಾಯನಿಕ ಗೊಬ್ಬರ ಬಳಸುವವರಿಗೆ ಲೀಟರಿಗೆ 2 ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ, ನೀರಿನಲ್ಲಿ ಕರಗುವ ಗೊಬ್ಬರ), ಹೂ ಬಂದ ಮೇಲೆ ಪೊಟ್ಯಾಷ್ ಹೆಚ್ಚಿರುವ 13:0:45 ಅಷ್ಟೇ ಪ್ರಮಾಣದಲ್ಲಿ. ಒಣಗಿದ ಮಣ್ಣಿಗೆ ಎಂದೂ ಬೇಡ, ಮೊದಲು ನೀರು ಹಾಕಿ.

ತೋಟಕ್ಕೆ ತಂದ ಯೂರಿಯಾವನ್ನು ಚಿಟಿಕೆ ಚಿಟಿಕೆ ಹಾಕುವ ರೂಢಿ ಬಿಡಿ. ಎಲೆ ಕಡುಹಸಿರಾಗಿ ಹುಲುಸಾಗಿ ಬರುತ್ತದೆ, ಹೂ ಇಲ್ಲ, ಜೊತೆಗೆ ಹೇನು ಮುತ್ತುತ್ತದೆ. ಮಣ್ಣಿನ ಮೇಲೆ ಅಥವಾ ತೂತಿನ ಸುತ್ತ ಬಿಳಿ ಪುಡಿ ಕಟ್ಟಿದರೆ ಗೊಬ್ಬರದ ಉಪ್ಪು ಹೆಚ್ಚಾಗಿದೆ. ಬಕೆಟ್ಟಿನ ಎರಡರಷ್ಟು ನೀರನ್ನು ನಿಧಾನವಾಗಿ ಹಾಯಿಸಿ ತೊಳೆದು, ಮೂರು ವಾರ ಗೊಬ್ಬರ ನಿಲ್ಲಿಸಿ.

ಹೂ ಉದುರುವುದಕ್ಕೆಲ್ಲ ಗೊಬ್ಬರವೇ ಮದ್ದಲ್ಲ. ರಾತ್ರಿ 15 ಡಿಗ್ರಿಗಿಂತ ಕೆಳಗಿಳಿದರೆ ಹೂ ಕಚ್ಚುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಡಬ್ಬಗಳನ್ನು ಹಗಲು ಬಿಸಿಲು ಕುಡಿದ ಗೋಡೆಗೆ ಒತ್ತಿ ಇಡಿ, ಫೆಬ್ರುವರಿಗೆ ತಾನೇ ಸರಿಹೋಗುತ್ತದೆ.

ಹಂತ 10: ಮಳೆಗಾಲ ದಾಟಿಸುವುದು

ಮೇ ಕೊನೆಯ ವಾರದಲ್ಲಿ ಎಲ್ಲ ಡಬ್ಬ ಸೂರಿನಡಿಗೆ ಬರಬೇಕು. ಬುಡದ ಎಲೆಯ ಹೊದಿಕೆ ತೆಗೆಯಿರಿ. ಮಣ್ಣಿಗೆ ತಾಗುವ, ನೆಲದಿಂದ ಒಂದು ಗೇಣಿನೊಳಗಿನ ಎಲೆ ಕವಲು ಕತ್ತರಿಸಿ. ಡಬ್ಬ ಡಬ್ಬದ ನಡುವೆ ಒಂದಡಿ ಬಿಡಿ. ತೂತುಗಳಿಗೆ ಕಡ್ಡಿ ಹಾಕಿ ಮುಚ್ಚಿಲ್ಲವೆಂದು ನೋಡಿಕೊಳ್ಳಿ.

ಜೂನ್‌ನಿಂದ ಆಗಸ್ಟ್ ನಡುವಿನವರೆಗೆ ಬೆಳಕು ಕಡಿಮೆ, ಗಿಡ ಬೆಳೆಯುವುದಿಲ್ಲ. ಆಗ ಗೊಬ್ಬರ ಪೂರ್ತಿ ನಿಲ್ಲಿಸಿ. ಹೊರಗೆ ಸುರಿಯುತ್ತಿದೆ ಎಂದು ಸೂರಿನಡಿಯ ಡಬ್ಬವನ್ನು ಮರೆಯಲೂಬಾರದು, ಅಲ್ಲಿಗೆ ಮಳೆ ಬೀಳುವುದಿಲ್ಲವಲ್ಲ. ಮೂರು ನಾಲ್ಕು ದಿನಕ್ಕೊಮ್ಮೆ ಬೆರಳಿಟ್ಟು ನೋಡಿ. ಈ ಮೂರು ತಿಂಗಳು ಗಿಡ ಕಾಯಿ ಕೊಡದೆ ಬರೀ ಬದುಕಿ ಉಳಿದರೆ ಅದೇ ಗೆಲುವು. ಹೀಗೆ ಉಳಿದ ಗಾಂಧಾರಿ ಸೆಪ್ಟೆಂಬರ್ ಬಿಸಿಲಿಗೆ ಮೈದುಂಬಿ ಹೂ ಬಿಡುತ್ತದೆ.

ಬಸವನಹುಳು, ಚಿಪ್ಪಿಲ್ಲದ ಬಸವನಹುಳುಗಳು ರಾತ್ರಿ ಏರಿ ಕುಡಿ ತಿನ್ನುತ್ತವೆ. ಟಾರ್ಚ್ ಹಿಡಿದು ಆರಿಸಿ ಉಪ್ಪು ನೀರಿಗೆ ಹಾಕಿ, ಇಟ್ಟಿಗೆಯ ಅಡಿಯನ್ನೂ ನೋಡಿ. ಅಂಗಡಿಯ ವಿಷದ ಗುಳಿಗೆ ನಾಯಿಗೆ ಪ್ರಾಣಾಪಾಯ.

ಎಲೆ ಮುಟುರಿದರೆ: ಔಷಧಕ್ಕೆ ಮುಂಚೆ ನೋಡಬೇಕಾದ್ದು

ಮುಟುರು ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಒಂದರ ಔಷಧ ಇನ್ನೊಂದಕ್ಕೆ ನಾಟುವುದಿಲ್ಲ.

ಎಲೆಯ ಅಂಚು ಮೇಲಕ್ಕೆ ದೋಣಿಯಾಗಿ ಮಡಚಿದರೆ ಥ್ರಿಪ್ಸ್ ನುಸಿ. ಬಿಳಿ ಕಾಗದ ಹಿಡಿದು ಕುಡಿಯನ್ನು ಬೆರಳಿನಿಂದ ತಟ್ಟಿ. ಅರ್ಧ ಎಳ್ಳುಕಾಳಿನಷ್ಟು ಉದ್ದದ, ಸಣಕಲು ಹಳದಿ ಕಂದು ಹುಳ ಕಾಗದದ ಮೇಲೆ ಓಡಾಡಿದರೆ ಅದೇ. ಒಣ ಹವೆಯ ಮಾರ್ಚ್, ಏಪ್ರಿಲಿನಲ್ಲಿ ಹೆಚ್ಚು. ಬೇವಿನ ಎಣ್ಣೆ 5 ಮಿ.ಲೀ., ದ್ರವ ಸೋಪು 1 ಮಿ.ಲೀ., ನೀರು ಒಂದು ಲೀಟರ್. ಸಂಜೆ, ಎಲೆಯ ಅಡಿಗೆ, ಐದು ದಿನಕ್ಕೊಮ್ಮೆ ಮೂರು ಸಲ ಸಿಂಪಡಿಸಿ. ನೀಲಿ ಅಂಟು ಹಾಳೆ ತೂಗುಹಾಕಿ.

ಅಂಚು ಕೆಳಕ್ಕೆ ಬಾಗಿ, ಎಲೆ ಕಿರಿದಾಗಿ, ತೊಟ್ಟು ಉದ್ದವಾಗಿ, ಅಡಿಭಾಗ ಕಂಚಿನಂತೆ ಮಿನುಗಿದರೆ ಮೈಟ್ ನುಸಿ. ಕಣ್ಣಿಗೆ ಕಾಣುವುದಿಲ್ಲ. ಲೀಟರಿಗೆ 3 ಗ್ರಾಂ ನೀರಿನಲ್ಲಿ ಬೆರೆಯುವ ಗಂಧಕ. ಸುಡುಬಿಸಿಲಿನಲ್ಲಿ ಬೇಡ, ಬೇವಿನ ಎಣ್ಣೆ ಹೊಡೆದ ಎರಡು ವಾರದೊಳಗೂ ಬೇಡ, ಎಲೆ ಸುಡುತ್ತದೆ.

ಎಲೆ ಪುಟ್ಟದಾಗಿ, ಹಳದಿ ಹಸಿರು ಬೆರೆತು, ಗಿಣ್ಣು ಹತ್ತಿರವಾಗಿ ಗಿಡ ಕುಳ್ಳಾಗಿ ನಿಂತರೆ ಬಿಳಿನೊಣ ತರುವ ನಂಜು ರೋಗ. ಇದಕ್ಕೆ ಔಷಧವಿಲ್ಲ. ಗಿಡ ಕಿತ್ತು ಸುಟ್ಟು, ಉಳಿದವುಗಳ ಬಳಿ ಹಳದಿ ಅಂಟು ಹಾಳೆ ಕಟ್ಟಿ.

ಹಸಿರಿದ್ದಾಗಲೇ ಇದ್ದಕ್ಕಿದ್ದಂತೆ ಸೊರಗಿದರೆ

ಎಲೆ ಹಳದಿಯಾಗದೆ ಒಂದೆರಡು ದಿನದಲ್ಲೇ ಗಿಡ ಪೂರ್ತಿ ಜೋತುಬಿದ್ದರೆ ಬುಡದ ಕಾಂಡವನ್ನು ಬೆರಳುದ್ದ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಅಲುಗಾಡದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ಕಡೆಯಿಂದ ಹಾಲಿನಂಥ ಬಿಳಿ ಎಳೆ ಕೆಳಗಿಳಿದರೆ ದುಂಡಾಣು ಸೊರಗು ರೋಗ. ಗಿಡವನ್ನೂ ಮಣ್ಣನ್ನೂ ದೂರ ಹಾಕಿ, ಕಾಂಪೋಸ್ಟಿಗೆ ಬೇಡ. ಡಬ್ಬ ಮತ್ತು ಕತ್ತರಿಯನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ. ಎಳೆ ಬಾರದೆ ಬುಡದ ತೊಗಟೆ ಕಪ್ಪಾಗಿ ಸುಲಿದು ಬಂದರೆ ಬುಡಕೊಳೆ. ಪಕ್ಕದ ಗಿಡಗಳ ನೀರು ಕಡಿಮೆ ಮಾಡಿ ತೂತು ನೋಡಿ. ಗೊಂದಲವಿದ್ದರೆ ಬೇರು ಸಮೇತ ಗಿಡವನ್ನು ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಬಹುದು.

ಕೊಯ್ಲು ಮತ್ತು ಎರಡನೇ ವರ್ಷ

ಜ್ವಾಲಾ ನೆಟ್ಟ ಎರಡು ತಿಂಗಳ ಮೇಲೆ ಕೊಯ್ಲಿಗೆ ಬರುತ್ತದೆ. ತೊಟ್ಟು ಸಮೇತ ಕತ್ತರಿಯಿಂದ ತೆಗೆಯಿರಿ, ಎಳೆದರೆ ಕವಲು ಮುರಿಯುತ್ತದೆ. ವಾರಕ್ಕೊಮ್ಮೆ ಕೊಯ್ಯದೆ ಹಣ್ಣಾಗಲು ಬಿಟ್ಟರೆ ಹೊಸ ಹೂ ನಿಲ್ಲುತ್ತದೆ. ಗಾಂಧಾರಿ ಕೆಂಪಾದರೆ ಪಿಕಳಾರಗಳ ಪಾಲು, ಹಕ್ಕಿಗೆ ಖಾರ ತಾಗುವುದಿಲ್ಲ. ಬೀಜಕ್ಕೆ ಬೇಕಾದ ಕವಲಿಗೆ ಬಲೆಯ ಚೀಲ ಕಟ್ಟಿ. ಕೈ ಉರಿದರೆ ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಸೋಪು. ಬರೀ ನೀರಿಗೆ ಖಾರ ಹೋಗುವುದಿಲ್ಲ.

ಜ್ವಾಲಾ ಒಂದು ಬೆಳೆಗೆ ಮುಗಿಯಿತು. ಗಾಂಧಾರಿಯನ್ನು ಆಗಸ್ಟ್ ಕೊನೆಗೆ, ಮಳೆ ಬಿಡುವು ಕೊಟ್ಟ ಒಣ ದಿನ ನೋಡಿ, ಮೂರನೇ ಒಂದು ಭಾಗ ಎತ್ತರ ಸವರಿ. ಬಕೆಟ್ ಮಗ್ಗುಲಾಗಿಸಿ ಹೆಂಟೆ ಹೊರತೆಗೆದು, ಸುತ್ತ ಮತ್ತು ತಳದಲ್ಲಿ ಎರಡು ಬೆರಳು ದಪ್ಪಕ್ಕೆ ಹಳೆ ಬೇರು ಮಣ್ಣನ್ನು ಚೂರಿಯಿಂದ ಕತ್ತರಿಸಿ, ಹೊಸ ಮಿಶ್ರಣ ತುಂಬಿ ಅದೇ ಬಕೆಟ್ಟಿಗೆ ಕೂರಿಸಿ. ಹತ್ತು ದಿನ ನೆರಳಿನಲ್ಲಿಡಿ, ಹೊಸ ಚಿಗುರು ಎರಡು ಬೆರಳುದ್ದ ಬರುವವರೆಗೆ ಗೊಬ್ಬರ ಮುಟ್ಟಿಸಬೇಡಿ.